ಹನ್ನೊಂದು ತೊಟ್ಟಿ

ಮುಂಬಯಿಯಲ್ಲಿ ಮುಚ್ಚಿಹೋದ ಯಾವುದೋ ಪ್ರೆಸ್ಸಿನಿಂದ
ಗೋಣಿಚೀಲದಲ್ಲಿ ಬಂದಿಳಿದವು ಆ ಮೊಳೆಗಳು.
ರಸೀದಿಯಲ್ಲಿ ‘ಸೀಸ, ಅರ್ಧ ಮಣ’ ಅಂತಷ್ಟೆ.
ರಾಯಚೂರು ಟೇಶನ್ನಿನ ಪಾರ್ಸಲ್ ಕ್ಲಾರ್ಕು
ಹಸ್ಕೇಲ್ ತಳಕರ್ ತಾವೇ ತೂಗಿ, ತಾವೇ ಸಹಿ ಹಾಕಿ
ಟಾಂಗಾದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು
ತೀನ್ ಕಂದೀಲಿನ ಹಿಂದಿನ ನಮ್ಮ ಅಂಗಡಿಗೆ.

ಅಪ್ಪ ಕಾಳಪ್ಪ ಪತ್ತಾರ, ಬಂಗಾರ ಬಿಟ್ಟು ಸೀಸ ಹಿಡಿದವನು.
ಲಗ್ನಪತ್ರಿಕೆ, ಅರಳೆ ಮಂಡಿಯ ಚೀಟಿ, ಎಣ್ಣೆ ಮಿಲ್ಲಿನ ಬಿಲ್ಲು,
ಕನ್ನಡ, ತೆಲುಗು ಎರಡೂ ಬೆರಳಿಗೆ ಗೊತ್ತು.
ಹಿಬ್ರೂ ಅಂದಾಗ ಓದಲು ಹೋಗಲಿಲ್ಲ, ಹೆಸರಿಟ್ಟ:
ಕೊಕ್ಕರೆ, ಹಣಿಗೆ, ಕುರ್ಚಿ, ಸಾಸಿವೆ.
ನಾಲ್ಕೂ ಕಡೆ ಗೋಡೆ ಎದ್ದ ಚೌಕಕ್ಕೆ, ತೊಟ್ಟಿ.

ನನಗೆ ಒಂಬತ್ತು. ಮೊಳೆ ತೊಳೆದು
ಮನೆಮನೆಗೆ ಹಂಚುವುದು ನನ್ನ ಕೆಲಸ,
ರಾತ್ರಿ ಊಟದಲ್ಲೂ ಚಿಮಣಿ ಎಣ್ಣೆಯ ವಾಸನೆ.
‘ಬಲಕ್ಕಿಂದ ಎಡಕ್ಕ ಓದ್ತಾರ, ಉರ್ದು ಹಂಗ’ ಅಂದ ಅಪ್ಪ.
ಆದರೆ ಸೀಸದಲ್ಲಿ ಎಲ್ಲವೂ ಕನ್ನಡಿ.
ಚೌಕಟ್ಟಿನೊಳಗೆ ಅವರ ಮಾತು ನಮ್ಮ ಹಾಗೆ ಎಡದಿಂದ ಹೊರಡುತ್ತಿತ್ತು,
ನಮ್ಮದು ಅವರ ಹಾಗೆ ಬಲದಿಂದ.
ಕಾಗದಕ್ಕೆ ತಾಗಿದ ಮೇಲಷ್ಟೇ
ಬೇರೆ ಬೇರೆ ದಾರಿ.

ಮೂರು ತಿಂಗಳಿಗೊಮ್ಮೆ ಎಂಟು ಪುಟ, ಎಪ್ಪತ್ತು ಪ್ರತಿ.
ಕವಿತೆಗಳು, ಒಂದು ಕತೆ, ತೀರಿಕೊಂಡ ಚಂದಾದಾರರಿಗೆ ಎರಡು ಸಾಲು.
ನಾನು ಭೂಗೋಳ ಕಲಿತದ್ದು ಅಂಟು ಹಚ್ಚುತ್ತ:
ಕಲ್ಕತ್ತ, ಟ್ಯಾಂಜಿಯರ್, ಜೋಹಾನ್ಸ್‌ಬರ್ಗ್, ಬ್ಯೂನಸ್ ಐರಿಸ್.

ಮೂರನೇ ಸಂಚಿಕೆಗೆ ಅಪ್ಪ ಕೈಚೆಲ್ಲಿದ.
‘ಸಾಹೇಬ್ರ, ತೊಟ್ಟಿ ಇರಾವು ಹನ್ನೊಂದು.
ನೀವು ಪುಟಕ್ಕ ನಲವತ್ತು ಕೇಳ್ತೀರಿ.’
‘ಅದು ನಮ್ಮ ಗಳು, ಕಾಳಪ್ಪ. ಬಹುವಚನದ ಬಾಲ.’
‘ಹಂಗಾರ ಬಹುವಚನ ಕಮ್ಮಿ ಮಾಡ್ರಿ.’

ಮಾಡಿದರು.
ಮಸಿ ಡಬ್ಬಿಯ ಪಕ್ಕ ಕೂತು, ಸೀಸದ ಕಡ್ಡಿ ನೆಕ್ಕಿ ನೆಕ್ಕಿ,
ಊರೂರಿನ ಕವಿಗಳ ಹಕ್ಕಿಗಳನ್ನು ಹಕ್ಕಿ ಮಾಡಿದರು,
ಮರಗಳನ್ನು ಮರ.
ಬ್ಯೂನಸ್ ಐರಿಸಿನ ಒಬ್ಬಾಕೆಯ ಅಣ್ಣಂದಿರಲ್ಲಿ
ಒಬ್ಬನೇ ಉಳಿದ.
ಆಕೆ ನಾಲ್ಕು ಹಾಳೆ ಜಗಳ ಬರೆದಳು.
ಮರುವಾರವೇ ಒಂದು ಕಾರ್ಡು:
ಇರಲಿ ಬಿಡಿ, ಲೆಕ್ಕ ಸರಿಯಾಗಿದೆ.
ಸಾಹೇಬರು ಅದನ್ನು ಓದಿ ಹೇಳಿ
ಟೋಪಿ ಮರೆತು ಹೋದರು.

ಮೂರು ಶಬ್ದ ಮಾತ್ರ ಬಗ್ಗಲಿಲ್ಲ:
ನೀರು, ಆಕಾಶ, ಬದುಕು.
‘ನಮ್ಮಲ್ಲಿ ಇವು ಒಂಟಿ ಹುಟ್ಟೇ ಇಲ್ಲ.’
‘ನೀರಿಂದು ಖರೆ. ಅತ್ತ ಕೃಷ್ಣಿ, ಇತ್ತ ತುಂಗಭದ್ರಿ.
ಆಕಾಶ ಒಂದ ಐತಲ್ರಿ?’
‘ಎಪ್ಪತ್ತು ವಿಳಾಸ ಅದಾವ, ಕಾಳಪ್ಪ.’
ಅಪ್ಪ ಮಾತಾಡಲಿಲ್ಲ. ಹನ್ನೊಂದನ್ನೂ
ಆ ಮೂರಕ್ಕೇ ಮೀಸಲಿಟ್ಟ.

ಠಾಣೆಯಿಂದ ಬಂದ ಭಾವಮೈದ ರೇಗಿದ:
‘ಆ ಭಾಷೆಗೊಂದು ದೇಶವೇ ಆಯಿತು.
ಇನ್ನು ಈ ಬಿಸಿಲಲ್ಲಿ ಇದೇನು ಹುಚ್ಚು?’
‘ಕಡೇ ಸ್ಟೇಶನ್ ಬಂತಂತ
ನಡುವಿನ ಸ್ಟೇಶನ್ ಕಿತ್ತು ಹಾಕ್ತಾರೇನು?’

ಆದರೂ ಹೋದರು, ಹೆಂಡತಿ ಮಕ್ಕಳ ಹಿಂದೆ,
ಹದಿನಾಲ್ಕು ಪ್ರತಿ ವಾಪಸು ಬಂದ ವರ್ಷ.
ಪಾರ್ಸಲ್ ಕ್ಲಾರ್ಕಿನ ಕೈಯಲ್ಲಿ ಅವತ್ತು ಪಾರ್ಸಲ್ ಇರಲಿಲ್ಲ.
ಆ ಮೊಳೆಯ ಪೆಟ್ಟಿಗೆ ಅಪ್ಪ ಯಾರಿಗೂ ಮುಟ್ಟಗೊಡಲಿಲ್ಲ.
ಆಫ್‌ಸೆಟ್ ಬಂದಾಗ ತಮ್ಮ ಮೌನೇಶ
ಎಲ್ಲ ಒಟ್ಟಿಗೆ ಗುಜರಿಗೆ ಹಾಕಿದ.
ರಸೀದಿಯಲ್ಲಿ ಮತ್ತೆ, ‘ಸೀಸ’.

ತೊಟ್ಟಿಯಷ್ಟೇ ಆರಿಸಿಕೊಂಡೆ. ಹತ್ತು ಸಿಕ್ಕವು.

ಮೊನ್ನೆ ಮೊಮ್ಮಗಳು ಅಂಗೈಗೆ ಒಂದನ್ನು ಒತ್ತಿಕೊಂಡು
‘ಇದೇನಜ್ಜಿ?’
‘ಗಳು.’
‘ಯಾವ ಗಳು?’
ಹೇಳುವಷ್ಟರಲ್ಲಿ ಓಣಿಯಲ್ಲಿ ಕೊಡಗಳ ಸದ್ದು.
‘ಆಮ್ಯಾಲ ಹೇಳ್ತೀನಿ ಏಳು, ಏಳು,
ನೀರು ಬಂದಾವ.’